ಬಿಎಂಎಕ್ಸ್ ಕೊಡಿಸುವವರು ಹ್ಯಾಂಡಲ್‌ನ ತುದಿಯನ್ನೂ ನೋಡಬೇಕು

ಮೈಸೂರಿನ ಬೋಗಾದಿಯ ಆಚೆ ಇನ್ನೂ ಮನೆಗಳೇಳದ ಬಡಾವಣೆಗಳಲ್ಲಿ ಸಂಜೆಯಾದರೆ ಹುಡುಗರು 20 ಇಂಚಿನ ಚಕ್ರದ ಬಿಎಂಎಕ್ಸ್ ಸೈಕಲ್‌ಗಳನ್ನು ಮಣ್ಣಿನ ದಿಬ್ಬಗಳ ಮೇಲಿಂದ ಹಾರಿಸುತ್ತಿರುತ್ತಾರೆ. ಅದನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ. ಮೊಬೈಲ್ ಹಿಡಿದು ಮೂಲೆಯಲ್ಲಿ ಕೂರುವುದಕ್ಕಿಂತ ಅದು ಎಷ್ಟೋ ವಾಸಿ. ನನ್ನ ತಕರಾರಿರುವುದು ಸೈಕಲ್ ಕೊಡಿಸುವ ಹಿರಿಯರ ಲೆಕ್ಕಾಚಾರದ ಬಗ್ಗೆ. ಕಾಲೂರಲು ಚಕ್ರದ ಅಚ್ಚಿನ ತುದಿಗೆ ಹಾಕಿಸುವ ಪೆಗ್ಗಿಗೂ ಬಣ್ಣದ ರಿಮ್ಮಿಗೂ ಚೌಕಾಶಿಯಿಲ್ಲದೆ ಹಣ ಕೊಡುವವರು ಹೆಲ್ಮೆಟ್ಟಿನ ಮಾತು ಬಂದೊಡನೆ, "ಮನೇಲಿ ಸ್ಕೂಟರಿಂದು ಇದೆಯಲ್ಲ" ಎಂದು ಎದ್ದುಬಿಡುತ್ತಾರೆ.

ಐಎಸ್ಐ ಗುರುತಿರುವ ಸ್ಕೂಟರ್ ಹೆಲ್ಮೆಟ್ ಕೆಟ್ಟದ್ದೇನಲ್ಲ, ಆದರೆ ಅಪ್ಪನ ತಲೆಯ ಅಳತೆಯದು ಮಗನ ತಲೆಯ ಮೇಲೆ ಅಲುಗಾಡುತ್ತದೆ, ಬಿದ್ದಾಗ ಹಿಂದಕ್ಕೆ ಸರಿದು ಹಣೆಯನ್ನೇ ಬಿಟ್ಟುಕೊಡುತ್ತದೆ. ಅದರ ಭಾರಕ್ಕೆ ಎಳೆಯ ಕತ್ತು ಬಲು ಬೇಗ ಸೋಲುತ್ತದೆ. ಸೈಕಲ್ ಹೆಲ್ಮೆಟ್ಟಿನ ಒಳಗಿರುವುದು ನಮಗೆ ಗೊತ್ತಿರುವ ಥರ್ಮೋಕೋಲಿನದೇ ಜಾತಿಯ, ಆದರೆ ಇನ್ನಷ್ಟು ಗಟ್ಟಿಯಾದ ವಸ್ತು. ಪೆಟ್ಟು ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ ತಲೆಗೆ ತಲುಪುವ ಹೊಡೆತವನ್ನು ತಗ್ಗಿಸುತ್ತದೆ, ಒಮ್ಮೆ ನಜ್ಜಾದದ್ದು ಮತ್ತೆ ಮೊದಲಿನಂತಾಗುವುದಿಲ್ಲ. ಆದ್ದರಿಂದ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ಟನ್ನು, ಮೇಲೆ ಒಂದು ಗೀರೂ ಕಾಣದಿದ್ದರೂ, ಬಿಸಾಡಬೇಕು. ಅಣ್ಣ ಬಿದ್ದೆದ್ದ ಹೆಲ್ಮೆಟ್ಟನ್ನು ತಮ್ಮನಿಗೆ ದಾಟಿಸುವ ಉಳಿತಾಯ ಇಲ್ಲಿ ಸಲ್ಲದು.

ದಿಬ್ಬ ಹಾರುವವರು ಮುಂದಕ್ಕೆ ಮಗುಚಿ ಬೀಳುವುದು ಹೆಚ್ಚು. ಆಗ ಗಲ್ಲ, ಹಲ್ಲು ನೆಲಕ್ಕೆ ಬಡಿಯುವುದುಂಟು. ಬಿಎಂಎಕ್ಸ್ ರೇಸಿನಲ್ಲಿ ಮುಖ ಮುಚ್ಚುವ ಹೆಲ್ಮೆಟ್ಟು ಕಡ್ಡಾಯವಾಗಿರುವುದು ಈ ಕಾರಣಕ್ಕೇ. ಹಾಗೆಂದು ರಕ್ಷಾ ಸಾಮಾನು ತೊಟ್ಟರೆ ಏನೂ ಆಗದು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2008ರಲ್ಲಿ ಒಲಿಂಪಿಕ್ಸ್ ಸೇರಿದ ಈ ಆಟದಲ್ಲಿ ಸವಾರರು ಎಂಟು ಮೀಟರ್ ಎತ್ತರದ ಇಳಿಜಾರಿನಿಂದ ಧುಮುಕುತ್ತಾರೆ. 2016ರ ರಿಯೋದಲ್ಲಿ ಚಿನ್ನ ಗೆದ್ದ ಅಮೆರಿಕದ ಕಾನರ್ ಫೀಲ್ಡ್ಸ್, 2021ರಲ್ಲಿ ಟೋಕಿಯೊದ ಸೆಮಿಫೈನಲ್‌ನಲ್ಲಿ ಬಿದ್ದಾಗ ಮುಖ ಮುಚ್ಚುವ ಹೆಲ್ಮೆಟ್ಟನ್ನೇ ತೊಟ್ಟಿದ್ದರು. ಆದರೂ ಮೆದುಳಿನಲ್ಲಿ ರಕ್ತಸ್ರಾವವಾಯಿತು, ಪಕ್ಕೆಲುಬು ಮುರಿಯಿತು, ಶ್ವಾಸಕೋಶ ಕುಸಿಯಿತು. ಅವರು ಬದುಕಿ ಚೇತರಿಸಿಕೊಂಡರು. ರಕ್ಷಾ ಸಾಮಾನಿನಿಂದ ನಾವು ನಿರೀಕ್ಷಿಸಬಹುದಾದದ್ದು ಅಷ್ಟು.

ಮಂಡಿಗೆ ಪ್ಯಾಡು ಬೇಕು, ಪೆಡಲಿನ ಮುಳ್ಳುಗಳು ಚರ್ಮ ಕೀಳದಂತೆ ಮೊಣಕಾಲ ಕೆಳಗೂ ಕವಚವಿದ್ದರೆ ಒಳ್ಳೆಯದು. ಕೈಗೆ ಬೆರಳು ಪೂರ್ತಿ ಮುಚ್ಚುವ ಗ್ಲೌಸ್ ಸಾಕು, ಆದರೆ ಅದು ಉಳಿಸುವುದು ಚರ್ಮವನ್ನು ಮಾತ್ರ. ಅಂಗೈ ಊರಿ ಬಿದ್ದರೆ ಮಣಿಕಟ್ಟಿನ ಮೂಳೆಯನ್ನು ಗ್ಲೌಸ್ ಕಾಯಲಾರದು. ಆದ್ದರಿಂದ ಸೈಕಲ್ಲನ್ನು ಕೈಬಿಟ್ಟು ಭುಜದ ಮೇಲೆ ಉರುಳುವುದನ್ನು ಹುಲ್ಲಿನ ಮೈದಾನದಲ್ಲಿ ಮೊದಲೇ ಕಲಿಸಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಯಾರೂ ಲೆಕ್ಕಕ್ಕಿಟ್ಟುಕೊಳ್ಳದ ಹ್ಯಾಂಡಲ್‌ನ ತುದಿ. ಸೈಕಲ್ ಪದೇ ಪದೇ ನೆಲಕ್ಕೆ ಬಿದ್ದು ರಬ್ಬರ್ ಗ್ರಿಪ್ ಹರಿದು ಒಳಗಿನ ಉಕ್ಕಿನ ಕೊಳವೆಯ ದುಂಡನೆಯ ಅಂಚು ಹೊರಬರುತ್ತದೆ. ಮುಂದಿನ ಚಕ್ರ ತಿರುಚಿಕೊಂಡು ಹುಡುಗ ಅದರ ಮೇಲೆ ಬಿದ್ದರೆ ಹೊಟ್ಟೆಯ ಮೇಲೆ ಉಂಗುರದಂಥ ಗುರುತೊಂದೇ ಮೂಡಬಹುದು, ಒಳಗೆ ಪಿತ್ತಜನಕಾಂಗವೋ ಗುಲ್ಮವೋ ಮೇದೋಜೀರಕವೋ ಸೀಳಿರಬಹುದು. ನೋವು, ವಾಂತಿ ಎಷ್ಟೋ ಗಂಟೆಗಳ ನಂತರ ಕಾಣಿಸಿಕೊಳ್ಳುವುದೂ ಉಂಟು. ಹೊಟ್ಟೆಗೆ ಹ್ಯಾಂಡಲ್ ಬಡಿದಿದೆ ಎಂದು ಮಗು ಹೇಳಿದರೆ ಮುಲಾಮು ಹಚ್ಚಿ ಮಲಗಿಸದೆ ಆಸ್ಪತ್ರೆಗೆ ಕರೆದೊಯ್ದು, ಎಲ್ಲಿ, ಯಾವುದು ಬಡಿಯಿತು ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

ಕೊಳವೆಯ ಬಾಯಿ ಮುಚ್ಚುವ ಬಿರಡೆಗೆ ಆಗುವ ಖರ್ಚು ಪೆಗ್ಗಿನ ಬೆಲೆಯ ಮುಂದೆ ಏನೇನೂ ಅಲ್ಲ. ಮೈಸೂರಿನ ಸೈಕಲ್ ಅಂಗಡಿಯವರಲ್ಲಿ ನನ್ನ ವಿನಂತಿಯೆಂದರೆ, ಪಂಕ್ಚರ್ ಹಾಕಿಸಲು ಬಂದ ಪ್ರತಿ ಬಿಎಂಎಕ್ಸ್‌ನ ಗ್ರಿಪ್ಪನ್ನು ಒಮ್ಮೆ ನೋಡಿ, ಹರಿದಿದ್ದರೆ ಹೊಸದು ಹಾಕಿ ಬಿಲ್ಲಿಗೆ ಸೇರಿಸಿ; ಹಿಂದಿನ ಬ್ರೇಕ್ ಬಿಚ್ಚಿಕೊಡಿ ಎಂದು ಹುಡುಗರು ಕೇಳಿದರೆ, ಮನೆಯವರನ್ನು ಕರೆತರುವಂತೆ ಹೇಳಿ.