ಪ್ರಳಯಕ್ಕೊಂದು ಗಡಿಯಾರ, ಗಡಿಯಾರಕ್ಕೊಂದು ಸಮಿತಿ

ಅಮೆರಿಕದಲ್ಲಿ ಒಂದು ಗಡಿಯಾರವಿದೆ. ಅದಕ್ಕೆ ಕೀ ಕೊಡುವ ಹಾಗಿಲ್ಲ, ತಾನಾಗಿ ಓಡುವುದೂ ಇಲ್ಲ. ದೊಡ್ಡ ದೊಡ್ಡ ತಜ್ಞರ ಸಮಿತಿ ಸಭೆ ಸೇರಿ ಮುಳ್ಳು ಎಲ್ಲಿರಬೇಕು ಅಂತ ತೀರ್ಮಾನಿಸುತ್ತದೆ. ಹೆಸರು ಡೂಮ್ಸ್‌ಡೇ ಕ್ಲಾಕ್. ಅಣುಬಾಂಬಿನಂಥ ಅಪಾಯ ಎಷ್ಟು ಹತ್ತಿರ ಬಂತು ಅಂತ ತೋರಿಸುವ ಸಂಕೇತ ಅದು. ಹನ್ನೆರಡು ಹೊಡೆದರೆ ಜಗತ್ತು ಖಲಾಸ್. 2023ರಲ್ಲಿ 90 ಸೆಕೆಂಡ್ ಬಾಕಿ ಇತ್ತು. 2024ರಲ್ಲಿ ಮತ್ತೆ ಸಭೆ, ಮತ್ತೆ 90. 2025ರಲ್ಲಿ ಬಹಳ ಯೋಚಿಸಿ 89 ಮಾಡಿದರು. ಎರಡು ವರ್ಷಕ್ಕೆ ಒಂದು ಸೆಕೆಂಡ್! ನಮ್ಮ ತಾಲ್ಲೂಕು ಕಚೇರಿಯ ಫೈಲೇ ವಾಸಿ.

1947ರಲ್ಲಿ ಶುರುವಾದಾಗ 7 ನಿಮಿಷ ಇತ್ತು. ಯಾವ ಲೆಕ್ಕ? ಲೆಕ್ಕ ಏನೂ ಇಲ್ಲ. ಈ ಗಡಿಯಾರ ಹುಟ್ಟಿದ್ದೇ ಅಣುವಿಜ್ಞಾನಿಗಳ ಒಂದು ಪತ್ರಿಕೆಯ ಮುಖಪುಟದಲ್ಲಿ. ಅದನ್ನು ಬಿಡಿಸಿದ ಕಲಾವಿದೆ ಮಾರ್ಟಿಲ್ ಲ್ಯಾಂಗ್ಸ್‌ಡಾರ್ಫ್ ಕಣ್ಣಿಗೆ ಮುಳ್ಳು ಅಲ್ಲೇ ಚೆಂದ ಕಂಡಿತು, ಅಷ್ಟೇ. 1991ರಲ್ಲಿ ಶೀತಲ ಸಮರ ಮುಗಿದು ಮುಳ್ಳು ಹಿಂದಕ್ಕೆ ಹೋಗಿ, ಹನ್ನೆರಡಕ್ಕೆ 17 ನಿಮಿಷ ಬಾಕಿ ಅಂತಾಯಿತು. ಪಾಪ, ಚಿತ್ರದಲ್ಲಿ ಬರೆದಿದ್ದದ್ದೇ ಕೊನೆಯ 15 ನಿಮಿಷ. ಶಾಂತಿ ಅಷ್ಟೊಂದು ಜಾಸ್ತಿಯಾದೀತು ಅಂತ ಯಾರು ಕನಸು ಕಂಡಿದ್ದರು?

ಇಷ್ಟಕ್ಕೂ ಈ ‘ಡೂಮ್’ಗೆ ಮೊದಲು ಸರ್ವನಾಶದ ಅರ್ಥವೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ‘ದೋಮ್’. ಅಂದರೆ ಕಾನೂನು, ತೀರ್ಪು. ಆಲ್ಫ್ರೆಡ್ ರಾಜನ ಕಾನೂನು ಪುಸ್ತಕದ ಹೆಸರೇ ‘ದೋಮ್‌ಬೋಕ್’. ಐಲ್ ಆಫ್ ಮ್ಯಾನ್‌ನಲ್ಲಿ ನ್ಯಾಯಾಧೀಶರು ಇವತ್ತಿಗೂ ‘ಡೀಮ್‌ಸ್ಟರ್’. 1086ರಲ್ಲಿ ವಿಲಿಯಂ ರಾಜ ಇಂಗ್ಲೆಂಡಿನ ಹೊಲ, ಮನೆ ಎಲ್ಲ ಲೆಕ್ಕ ಹಾಕಿಸಿದ. ಒಂದು ಹಸು, ಒಂದು ಹಂದಿಯನ್ನೂ ಬಿಡಲಿಲ್ಲ ಅಂತ ಅಂದಿನ ಚರಿತ್ರೆಕಾರ ಗೊಣಗಿದ್ದಾನೆ. ಅದರಲ್ಲಿ ಬರೆದದ್ದಕ್ಕೆ ಅಪೀಲೇ ಇಲ್ಲ. ಹಾಗಾಗಿ ಜನ ಅದನ್ನು ‘ಡೂಮ್ಸ್‌ಡೇ ಪುಸ್ತಕ’ ಅಂದರು. ಕಂದಾಯದ ಕಡತಕ್ಕೆ ದೇವರ ಕಡೆಯ ತೀರ್ಪಿನ ದಿನದ ಹೆಸರು!

ತೀರ್ಪು ಹೋಗಿ ಸರ್ವನಾಶ ಹೇಗಾಯಿತು? ಕಡೆಯ ತೀರ್ಪಿನ ಭಯದಿಂದ ಅನ್ನುತ್ತಾರೆ ಪಂಡಿತರು. ‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಅನ್ನುವ ನಮಗೆ ಇಷ್ಟು ವಿವರಣೆ ಬೇಕಿಲ್ಲ ಬಿಡಿ. ನಮ್ಮ ‘ವಿಧಿ’ಯನ್ನೇ ನೋಡಿ. ಸಂವಿಧಾನದಲ್ಲಿದ್ದರೆ ಕಾನೂನು, ಹಣೆಯಲ್ಲಿದ್ದರೆ ಗ್ರಹಚಾರ. ಸುಮ್ನೆ ಹೋಲಿಕೆಯಲ್ಲ ಇದು. ದೋಮ್, ವಿಧಿ ಎರಡೂ ಒಂದೇ ಬಳಗದವು. ಸಂಸ್ಕೃತದ ‘ಧಾ’ ಧಾತುವಿನ ಕಡೆಯ ನಂಟು. ಅರ್ಥ: ಇಡು.

ಹಾಗೆ ನೋಡಿದರೆ ಸಮಿತಿಯವರು ಪದದ ಮೂಲಕ್ಕೆ ಬಲು ನಿಷ್ಠರು. ಮುಳ್ಳನ್ನು ಇಲ್ಲಿಂದ ತೆಗೆದು ಅಲ್ಲಿ ಇಡುತ್ತಾರೆ. ಕಾಫಿ ಕುಡಿದು ಎದ್ದು ಹೋಗುತ್ತಾರೆ.