ಅದ್ಭುತ ನಡೆದ ಮರುದಿನ ಬೆಳಗ್ಗೆ

ಜಗತ್ತಿನ ಅತ್ಯುತ್ತಮ ಫ್ಯಾಂಟಸಿ ಸಣ್ಣಕತೆ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಪ್ರತಿ ಕತೆಗೂ ಒಂದೇ ಪ್ರಶ್ನೆ ಹಾಕುತ್ತೇನೆ. ಅದ್ಭುತ ನಡೆದ ಮರುದಿನ ಬೆಳಗ್ಗೆ ಆ ಮನೆಯವರು ಏನು ಮಾಡಿದರು?

ಸಿರ್ಸಿಯಲ್ಲಿ ನಾವು ಕೆಲವು ಗೆಳೆಯರು ಸೇರಿ ಕತೆ ಓದುವ ರೂಢಿ ಇದೆ. ಈ ಮಳೆಗಾಲಕ್ಕೆ ಫ್ಯಾಂಟಸಿ ಓದೋಣ, ಎಲ್ಲರೂ ತಮ್ಮ ತಮ್ಮ ಪಟ್ಟಿ ತನ್ನಿ ಅಂತಾಯಿತು. ಬಂದ ಪಟ್ಟಿಗಳಲ್ಲಿ ಡ್ರ್ಯಾಗನ್, ಮಂತ್ರವಾದಿ, ಬೇರೆ ಲೋಕದ ರಾಜರೇ ಜಾಸ್ತಿ. ಅವೂ ಒಳ್ಳೆಯ ಕತೆಗಳೇ. ಆದರೆ ಹೊಸ ಲೋಕ ಕಟ್ಟುವುದಕ್ಕೆ ಕಾದಂಬರಿಯಷ್ಟು ಜಾಗ ಬೇಕು. ಸಣ್ಣಕತೆಯಲ್ಲಿ ನಡೆಯಲಾರದ ಸಂಗತಿ ಒಂದೇ ಒಂದು ನಡೆದರೆ ಸಾಕು. ಉಳಿದದ್ದೆಲ್ಲ ನಮ್ಮ ನಿಮ್ಮ ಮನೆಯ ಹಾಗೇ ಇರಬೇಕು. ಸಾಲ, ಜ್ವರ, ನೆಂಟರು, ಹೊಟ್ಟೆಕಿಚ್ಚು ಎಲ್ಲ ಇರಬೇಕು.

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1968ರಲ್ಲಿ ಬರೆದ ಕತೆಯೊಂದಿದೆ. ದೊಡ್ಡ ರೆಕ್ಕೆಗಳಿರುವ ಒಬ್ಬ ಮುದುಕನ ಕತೆ. ಮೂರು ದಿನದಿಂದ ಬಿಡದೆ ಮಳೆ. ಮನೆಯೊಳಗೆಲ್ಲ ಏಡಿಗಳು. ಮಗುವಿಗೆ ಜ್ವರ. ಕೊಂದ ಏಡಿಗಳನ್ನು ಸಮುದ್ರಕ್ಕೆ ಎಸೆದು ಬಂದ ಗಂಡನಿಗೆ ಅಂಗಳದ ಕೆಸರಿನಲ್ಲಿ ರೆಕ್ಕೆಯ ಮುದುಕ ಬಿದ್ದಿರುವುದು ಕಾಣುತ್ತದೆ. ಬೇರೆ ಕಡೆಯವರಿಗೆ ಈ ಮೊದಲ ಪುಟವೇ ವಿಚಿತ್ರ ಅನಿಸಬಹುದು. ಅಂಕೋಲಾ, ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ ಬೆಳೆದವರಿಗೆ ಇದರಲ್ಲಿ ಹೊಸತು ರೆಕ್ಕೆ ಮಾತ್ರ. ಆಷಾಢದ ಮಳೆ, ಅಂಗಳಕ್ಕೆ ಬಂದ ಏಡಿ, ಮಗುವಿನ ಜ್ವರ ಎಲ್ಲ ನಮಗೆ ಗೊತ್ತಿರುವುದೇ.

ಇಲ್ಲಿ ಮರುದಿನ ಏನಾಗುತ್ತದೆ ನೋಡಿ. ದೇವದೂತನನ್ನು ಕೋಳಿಗೂಡಿಗೆ ಹಾಕುತ್ತಾರೆ. ನೋಡಲು ಜನ ಮುಗಿಬಿದ್ದಾಗ ತಲೆಗೆ ಐದು ಸೆಂಟ್ ವಸೂಲು ಮಾಡುತ್ತಾರೆ. ಆ ದುಡ್ಡಲ್ಲಿ ಎರಡಂತಸ್ತಿನ ಮನೆ ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ಏಡಿ ಒಳಗೆ ಬಾರದಂತೆ ಎತ್ತರದ ಬಲೆ, ದೇವದೂತರು ಒಳಗೆ ಬಾರದಂತೆ ಕಿಟಕಿಗೆ ಕಬ್ಬಿಣದ ಸರಳು! ಈ ಎರಡನ್ನೂ ಮಾರ್ಕ್ವೆಜ್ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾನೆ. ಮನೆ ಕಟ್ಟಿಸಿಕೊಟ್ಟವನ ಜಾತಿಯವರೇ ಮತ್ತೆ ಬಾರದ ಹಾಗೆ ಸರಳು ಹಾಕಿಸುವ ಮನುಷ್ಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ರೆಕ್ಕೆ ಸುಳ್ಳಿರಬಹುದು, ಆ ಸರಳು ಮಾತ್ರ ಸುಳ್ಳಲ್ಲ.

ಎರಡನೆಯದು ರವೀಂದ್ರನಾಥ ಟಾಗೋರರ ‘ಕ್ಷುಧಿತ ಪಾಷಾಣ್’, ಹಸಿದ ಕಲ್ಲುಗಳ ಕತೆ, 1895ರದ್ದು. ಇದು ಇಂಗ್ಲಿಷ್ ಪಟ್ಟಿಗಳಲ್ಲಿ ಕಾಣಿಸುವುದು ಕಡಿಮೆ. ಕಾರವಾರದವರಿಗೆ ಟಾಗೋರ್ ಹೊರಗಿನವರಲ್ಲ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಅವರು ಇಲ್ಲಿಗೆ ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಹೋಗಿಬಂದರು, ಇಲ್ಲೇ ಕೂತು ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದರು. ನಮ್ಮ ಕಡಲತೀರಕ್ಕೆ ಅವರದೇ ಹೆಸರು. ಹಸಿದ ಕಲ್ಲುಗಳ ಕತೆಗೆ ಎಳೆ ಸಿಕ್ಕಿದ್ದೂ ಇದೇ ಅಣ್ಣನ ಇನ್ನೊಂದು ಮನೆಯಲ್ಲಿ. ಅದಕ್ಕೂ ಮೊದಲು, 1878ರಲ್ಲಿ, ಅಣ್ಣ ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದಾಗ ಶಾಹಿಬಾಗ್ ಎಂಬ ಹಳೆಯ ಅರಮನೆಯಲ್ಲಿ ವಾಸವಿದ್ದರು. ಹುಡುಗ ರವೀಂದ್ರ ಅಲ್ಲಿ ಕೆಲ ಕಾಲ ಇದ್ದ.

ಕತೆಯ ನಾಯಕ ಹತ್ತಿಯ ಸುಂಕ ವಸೂಲಿ ಮಾಡುವ ಅಧಿಕಾರಿ. ಪಾಳುಬಿದ್ದ ಅರಮನೆಯಲ್ಲಿ ಉಳಿಯುತ್ತಾನೆ. ಸಂಜೆ ಕಾಣದ ಹೆಂಗಸರು ಮೆಟ್ಟಿಲಿಳಿದು ನದಿಗೆ ಸ್ನಾನಕ್ಕೆ ಓಡುವ ಸದ್ದು ಕೇಳುತ್ತದೆ. ರಾತ್ರಿಯೆಲ್ಲ ಇನ್ನೂರೈವತ್ತು ವರ್ಷ ಹಿಂದಿನ ಲೋಕ. ಬೆಳಗಾದರೆ ಮತ್ತೆ ಹತ್ತಿಯ ಲೆಕ್ಕ! ಅವನಿಗೆ ದಿನೇದಿನೇ ಹಗಲೇ ಸುಳ್ಳು ಅನಿಸತೊಡಗುತ್ತದೆ. ಹೊರಗೆ ಹುಚ್ಚ ಮೆಹರ್ ಅಲಿ ಎಲ್ಲ ಸುಳ್ಳು, ದೂರ ಹೋಗಿ ಎಂದು ಕೂಗುತ್ತಾ ಸುತ್ತುತ್ತಾನೆ. ಈ ಕತೆಯನ್ನು ಅವನು ರೈಲು ನಿಲ್ದಾಣದಲ್ಲಿ ಹೇಳುತ್ತಿರುತ್ತಾನೆ. ಮುಖ್ಯವಾದ ಜಾಗಕ್ಕೆ ಬರುವಷ್ಟರಲ್ಲಿ ರೈಲು ಬಂದುಬಿಡುತ್ತದೆ. ಅವನು ಬೇರೆ ಡಬ್ಬಿ ಹತ್ತಿ ಹೋಗುತ್ತಾನೆ. ಕತೆ ಅಲ್ಲಿಗೇ ತುಂಡು. ಕೇಳುತ್ತಿದ್ದ ಇಬ್ಬರು ನೆಂಟರು ಇದು ನಿಜವೋ ಸುಳ್ಳೋ ಅಂತ ಜಗಳವಾಡಿ ಜೀವನಪೂರ್ತಿ ದೂರಾಗುತ್ತಾರೆ. ಮುಗಿಸದೆ ಬಿಟ್ಟು ಇಷ್ಟು ಪೂರ್ತಿಯಾದ ಇನ್ನೊಂದು ಕತೆ ನಾನು ಓದಿಲ್ಲ.

ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸನ ‘ಮಂಕೀಸ್ ಪಾ’ (1902) ಎಲ್ಲರ ಪಟ್ಟಿಯಲ್ಲೂ ಇತ್ತು, ನನ್ನದರಲ್ಲೂ ಇದೆ. ಮೂರು ಬಯಕೆ ಈಡೇರಿಸುವ ಕೋತಿಯ ಕೈ. ಇನ್ನೂರು ಪೌಂಡ್ ಕೇಳುತ್ತಾರೆ. ಮಗ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ, ಪರಿಹಾರ ಸರಿಯಾಗಿ ಇನ್ನೂರು ಪೌಂಡ್. ನಮ್ಮಲ್ಲಿ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಈ ಜಾತಿಯ ವರ ಹೊಸದಲ್ಲ. ಭಸ್ಮಾಸುರನೂ ಕೇಳಿದ್ದನ್ನೇ ಪಡೆದವನು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಹಿನಿಯ ಹಿಂದೆ ಕುಣಿಯುತ್ತಾ ಕೈ ತಲೆಯ ಹತ್ತಿರ ಹೋಗುವಾಗ ರಂಗದ ಮುಂದಿನವರೆಲ್ಲ ಉಸಿರು ಹಿಡಿಯುತ್ತಿದ್ದರು. ಮುಂದೇನು ಅಂತ ಎಲ್ಲರಿಗೂ ಗೊತ್ತಿದ್ದರೂ!

ಗೊಗೋಲನ ‘ಮೂಗು’ (1836) ಕೂಡ ಇರಲಿ. ಒಬ್ಬ ಅಧಿಕಾರಿಯ ಮೂಗು ಕಳಚಿಹೋಗಿ, ಅವನಿಗಿಂತ ಮೇಲಿನ ದರ್ಜೆಯ ಸಮವಸ್ತ್ರ ಹಾಕಿಕೊಂಡು ಓಡಾಡುತ್ತದೆ. ತನ್ನ ಮೂಗನ್ನೇ ಮಾತಾಡಿಸಲು ಅವನು ಹಿಂದೆಮುಂದೆ ನೋಡುತ್ತಾನೆ. ಸರ್ಕಾರಿ ಕಚೇರಿಯ ಬಾಗಿಲಲ್ಲಿ ನಿಂತು ಗೊತ್ತಿರುವವರು ತಪ್ಪದೆ ಓದಿ.

ಉರ್ಸುಲಾ ಲೆ ಗ್ವಿನ್ ಅವರ ಒಮೆಲಾಸ್ ಕತೆಯ ಬಗ್ಗೆ ನಮ್ಮಲ್ಲಿ ಜೋರು ವಾದವಾಯಿತು. 1973ರ ಕತೆ, ಮರುವರ್ಷ ಹ್ಯೂಗೋ ಪ್ರಶಸ್ತಿ ಬಂತು. ಎಲ್ಲರೂ ಸುಖವಾಗಿರುವ ನಗರ ಅದು. ಆದರೆ ಆ ಸುಖವೆಲ್ಲ ನೆಲಮಾಳಿಗೆಯಲ್ಲಿ ಕೂಡಿಹಾಕಿದ ಒಂದು ಮಗುವಿನ ಗೋಳಿನ ಮೇಲೆ ನಿಂತಿದೆ. ಎಲ್ಲರಿಗೂ ಅದು ಗೊತ್ತು. ಮಗುವನ್ನು ಕಣ್ಣಾರೆ ಕಂಡ ಕೆಲವರು ಮಾತಾಡದೆ ಊರು ಬಿಟ್ಟು ನಡೆಯುತ್ತಾರೆ. ಅದು ಕತೆಯಲ್ಲ, ಬರೀ ವಾದ ಅಂತ ಒಬ್ಬ ಗೆಳತಿ ಹೇಳಿದರು. ಇರಬಹುದು. ಆದರೆ ನಮ್ಮ ಜಿಲ್ಲೆಯಲ್ಲಿ ಕೂತು ಓದುವವರಿಗೆ ಅದು ಬರೀ ವಾದವಾಗಿ ಉಳಿಯುವುದಿಲ್ಲ. ಕಾಳಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ನೀರಿನಡಿಗೆ ಹೋಯಿತು. ನೌಕಾನೆಲೆಗಾಗಿ ಕಾರವಾರ, ಅಂಕೋಲೆಯ ದಂಡೆಯ ಊರುಗಳು ಖಾಲಿಯಾದವು. ವಿದ್ಯುತ್ತಿನ ಬೆಳಕಲ್ಲಿ ಆ ಕತೆ ಓದುವ ನಾವೆಲ್ಲ ಒಮೆಲಾಸಿನವರೇ. ಲೆ ಗ್ವಿನ್ ಊರು ಬಿಟ್ಟು ನಡೆದವರ ಕತೆ ಹೇಳಿದರು. ಉಳಿದುಕೊಂಡವರು ಮರುದಿನ ಬೆಳಗ್ಗೆ ಹೇಗೆ ಎದ್ದು ಚಹಾ ಕುಡಿದರು ಎಂಬುದೇ ನನ್ನನ್ನು ಕಾಡುವುದು.

ಇಷ್ಟೆಲ್ಲ ಇಟ್ಟೂ ಮೊದಲ ಸ್ಥಾನವನ್ನು ನಾನು ‘ಹೂವಾದ ಹುಡುಗಿ’ಗೆ ಕೊಟ್ಟೆ. “ಅದು ಅಜ್ಜಿಕತೆ, ಬರೆದವರೇ ಇಲ್ಲ. ಟಾಗೋರ್, ಗೊಗೋಲರ ಪಕ್ಕ ಹೇಗೆ ಇಡ್ತೀರಿ ಭಾವ?” ಅಂತ ಕೇಳಿದರು. ಕತೆಯನ್ನೇ ನೋಡಿ ಅಂದೆ.

ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಮರವಾಗಬಲ್ಲಳು. ಅದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಉಗುರು ತಾಗದಂತೆ ಎರಡು ಕೊಡ ನೀರು ತರಬೇಕು. ಒಂದನ್ನು ಸುರಿದರೆ ಮರ. ಚಿಗುರು, ಎಲೆ ನೋಯದಂತೆ ಹೂ ಕೊಯ್ಯಬೇಕು. ಇನ್ನೊಂದನ್ನು ಸುರಿದರೆ ಮತ್ತೆ ಹುಡುಗಿ. ಮರುದಿನ ಏನು? ಹೂ ಮಾರಿ ದುಡ್ಡು ತರುತ್ತಾರೆ. ತಾಯಿಗೆ ವಿಷಯ ಗೊತ್ತಾದಾಗ ಮಕ್ಕಳಿಗೆ ಹೊಡೆಯುತ್ತಾಳೆ. ಮದುವೆಯಾದ ರಾಜಕುಮಾರ ದಿನಾ ರಾತ್ರಿ ಮರವಾಗು ಅನ್ನುತ್ತಾನೆ, ಹೂ ರಾಶಿ ಬೀಳುತ್ತದೆ. ಒಂದು ದಿನ ನಾದಿನಿ ತೋಟಕ್ಕೆ ಕರೆದೊಯ್ದು ಒತ್ತಾಯ ಮಾಡುತ್ತಾಳೆ. ಗೆಳತಿಯರೆಲ್ಲ ಕೊಂಬೆ ಮುರಿದು, ನೀರು ಹೇಗೋ ಸುರಿದು ಓಡುತ್ತಾರೆ. ಹುಡುಗಿ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ಅತ್ತ ಮರವೂ ಅಲ್ಲ, ಇತ್ತ ಹೆಣ್ಣೂ ಅಲ್ಲ.

ಹೆಣ್ಣಿನ ಮೈ, ಮದುವೆ, ಗಂಡನ ಮನೆ, ಗಿಡಮರ ಎಲ್ಲವನ್ನೂ ಒಂದೇ ಅದ್ಭುತದಲ್ಲಿ ಹಿಡಿದಿಟ್ಟ ಕತೆ ಬೇರೆ ಯಾವ ಭಾಷೆಯಲ್ಲಿದೆ, ಹೇಳಿ. ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ಒಯ್ದರು. ಗಿರೀಶ ಕಾರ್ನಾಡರು 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ಅವರ ಒಪೆರಾ ಆಗಿ ವಿಯೆನ್ನಾದಲ್ಲಿ ರಂಗಕ್ಕೆ ಬಂತು. ಯಾವುದೋ ಕನ್ನಡದ ಮನೆಯಲ್ಲಿ ಹೆಂಗಸೊಬ್ಬಳು ಮಕ್ಕಳಿಗೆ ಊಟ ಮಾಡಿಸುತ್ತಾ ಹೇಳಿದ ಕತೆ ಅದು. ಇಲ್ಲೇ ಸಿರ್ಸಿ ತಾಲೂಕಿನ ಸಾಲ್ಕಣಿ ಕಾಡಿನಲ್ಲಿ 1983ರ ಸೆಪ್ಟೆಂಬರಿನಲ್ಲಿ ಜನ ಮರಗಳನ್ನು ಅಪ್ಪಿ ನಿಂತು ಕೊಡಲಿ ತಡೆದರು. ಅವರಲ್ಲಿ ಎಷ್ಟು ಜನ ಚಿಕ್ಕಂದಿನಲ್ಲಿ ಇಂಥ ಕತೆ ಕೇಳಿ ಮಲಗಿದವರೋ. ಮರಕ್ಕೂ ನೋವಾಗುತ್ತದೆ ಅನ್ನುವುದು ಇಲ್ಲಿನವರಿಗೆ ಯಾವತ್ತೂ ಫ್ಯಾಂಟಸಿ ಆಗಿರಲಿಲ್ಲ.

ಮುಂದಿನ ಸಲ ಸೇರಿದಾಗ ಈ ಕತೆಯನ್ನು ಓದುವ ಬದಲು ಯಾರಾದರೂ ಹಿರಿಯರಿಂದ ಹೇಳಿಸೋಣ ಅಂತ ತೀರ್ಮಾನವಾಗಿದೆ. ನಿಮ್ಮ ಮನೆಯಲ್ಲಿ ಇದನ್ನು ಬೇರೆ ಥರ ಹೇಳುತ್ತಿದ್ದರೆ ಬರೆದು ಕಳಿಸಿ. ಯಾವ ಊರು, ಅಜ್ಜಿ ಹೇಳಿದ್ದೋ ಅತ್ತೆ ಹೇಳಿದ್ದೋ, ಕೊನೆಯಲ್ಲಿ ಆ ನಾದಿನಿಗೆ ಏನಾಗುತ್ತದೆ, ಎಲ್ಲವನ್ನೂ ಬರೆಯಿರಿ.