ಚಪ್ಪಲಿ ಹೋದ ಮೇಲೆ

ಮೊನ್ನೆ ಮದುವೆಯೊಂದರಲ್ಲಿ ಊಟ ಮುಗಿಸಿ ಬರುವಷ್ಟರಲ್ಲಿ ಛತ್ರದ ಬಾಗಿಲಲ್ಲಿ ನನ್ನ ಹೊಸ ಚಪ್ಪಲಿ ಇರಲಿಲ್ಲ. ಅದೇ ಜಾಗದಲ್ಲಿ ಹಿಮ್ಮಡಿ ಸವೆದ, ಉಂಗುಷ್ಟ ಕಿತ್ತ ಒಂದು ಜೊತೆ ಕೂತಿತ್ತು.

"ಮಾವ, ಇದು ಕಳ್ಳತನ ಅಲ್ಲ, ಎಕ್ಸ್‌ಚೇಂಜ್" ಅಂತ ಅಕ್ಕನ ಮಗ ನಕ್ಕ. ಅವನ ಶೂ ಅವನ ಕಾಲಲ್ಲೇ ಇತ್ತಲ್ಲ, ನಗದೆ ಏನು ಮಾಡ್ತಾನೆ!

ಬೈಯಲು ಕನ್ನಡವೇ ಸಾಕಿತ್ತು. ಆದರೂ ಹಠಕ್ಕೆ ಮನೆಗೆ ಬಂದು ಇಂಗ್ಲಿಷ್ ನಿಘಂಟು ತೆಗೆದೆ. ರಾಬರಿ ಅನ್ನೋಣವೆಂದರೆ ಹೆದರಿಸಿ ಕಿತ್ತುಕೊಂಡಿರಬೇಕು. ನನ್ನನ್ನು ಯಾರೂ ಹೆದರಿಸಿರಲಿಲ್ಲ, ಒತ್ತಾಯ ಮಾಡಿ ಹೋಳಿಗೆ ಬಡಿಸಿದ್ದರು. ಬರ್ಗ್ಲರಿಗೆ ಹಳೇ ಇಂಗ್ಲಿಷ್ ಕಾನೂನಿನ ಪ್ರಕಾರ ರಾತ್ರಿಯಾಗಿರಬೇಕು, ವಾಸದ ಮನೆಗೆ ನುಗ್ಗಿರಬೇಕು. ಇದು ಮಟಮಟ ಮಧ್ಯಾಹ್ನ. ದೋಚುವ ರಾಬ್, ನಿಲುವಂಗಿಯ ರೋಬ್ ಎರಡೂ ಒಂದೇ ಬೇರಿನವು: ರೋಬ್ ಅಂದರೆ ಮೊದಲಿಗೆ ಇನ್ನೊಬ್ಬರ ಮೈಮೇಲಿಂದ ಕಿತ್ತು ತಂದ ಬಟ್ಟೆ. ಅಲ್ಲಿನ ನ್ಯಾಯಾಧೀಶರು ಅದನ್ನೇ ತೊಟ್ಟು ಕಳ್ಳರಿಗೆ ಶಿಕ್ಷೆ ಕೊಡ್ತಾರೆ.

ಲೂಟ್ ಅನ್ನೋ ಪದ ಸಿಕ್ಕಮೇಲೆ ಚಪ್ಪಲಿ ಮರೆತೇ ಹೋಯಿತು. ಈ ಪದ ಹದಿನೆಂಟನೇ ಶತಮಾನದ ಕೊನೆಗೆ ಹಿಂದಿಯಿಂದ ಇಂಗ್ಲಿಷಿಗೆ ಹೋದದ್ದು. ಪದವನ್ನೂ ಬಿಡಲಿಲ್ಲ ನೋಡಿ. 1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು. ಆ ರಾತ್ರಿ ಸಿಪಾಯಿಗಳು ಮನೆಮನೆ ನುಗ್ಗಿ ದೋಚಿದರು. ಅದು ಲೂಟ್. ಅವರದೇ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಬಂದು ನಾಲ್ವರನ್ನು ನೇಣಿಗೆ ಹಾಕಿಸಿ ನಿಲ್ಲಿಸಿದ. ಆಮೇಲೆ ಅಧಿಕಾರಿಗಳೇ ಕೂತು ಖಜಾನೆ ಎಣಿಸಿದರು, ಟಿಪ್ಪುವಿನ ಸಿಂಹಾಸನವನ್ನು ಒಡೆದು ಚೂರು ಮಾಡಿ ಪಾಲು ಹಾಕಿದರು. ಇದರ ಹೆಸರು ಪ್ರೈಜ್! ಲೆಕ್ಕ ಬರೆದವರು ಪ್ರೈಜ್ ಏಜೆಂಟರು. ದಂಡನಾಯಕ ಹ್ಯಾರಿಸ್‌ಗೆ ಲಕ್ಷಕ್ಕೂ ಜಾಸ್ತಿ ಪೌಂಡ್, ನೇಣು ಹಾಕಿಸಿದ ವೆಲ್ಲೆಸ್ಲಿಗೆ 4 ಸಾವಿರ. ಸ್ಕೂಲಿನ ನಿಂಬೆಹಣ್ಣು-ಚಮಚದ ಓಟಕ್ಕೆ ಕೊಡುವ ಪ್ರೈಜ್ ಬೇರೆ, ಇದು 'ವಶಪಡಿಸಿಕೊಂಡದ್ದು' ಎಂಬ ಫ್ರೆಂಚ್ ಮಾತಿನಿಂದ ಬಂದದ್ದು ಅಂತ ನಿಘಂಟು ಸಮಜಾಯಿಷಿ ಕೊಡುತ್ತದೆ. ಇರಬಹುದು. ಸ್ಪೆಲಿಂಗ್ ಒಂದೇ ಅಲ್ವಾ? ಸಿಂಹಾಸನದ ಚಿನ್ನದ ಹುಲಿತಲೆ ಇಂಗ್ಲೆಂಡಿನ ರಾಜರ ವಿಂಡ್ಸರ್ ಅರಮನೆ ಸೇರಿತು. ಅದರ ಜಾಗದಲ್ಲಿ ಸವೆದ ಹುಲಿತಲೆಯನ್ನೂ ಯಾರೂ ಬಿಟ್ಟುಹೋಗಲಿಲ್ಲ.

ಸಂಜೆ ಛತ್ರಕ್ಕೆ ಫೋನ್ ಮಾಡಿದೆ. "ಯಾರೋ ಅದಲುಬದಲು ಮಾಡ್ಕೊಂಡಿರ್ಬೇಕು ಸಾರ್" ಅಂದರು. ಕದ್ದರು ಅನ್ನೋಕೆ ಒಬ್ಬರಿಗೂ ಬಾಯಿ ಬರಲ್ಲ.

ಆ ಹಳೇ ಜೊತೆ ಬಾಗಿಲಲ್ಲೇ ಬಿದ್ದಿದೆ. ಎಸೀರಿ ಅಂತ ಮನೆಯವಳು ದಿನಾ ಹೇಳ್ತಾಳೆ. ನಾನು ಎಸೆದಿಲ್ಲ. ಮುಂದಿನ ತಿಂಗಳು ಅದೇ ಛತ್ರದಲ್ಲಿ ಇನ್ನೊಂದು ಮದುವೆಯಿದೆ.